ಬಕುಳದ ದಿಂಬು

ಇಡೀ ಬೀದಿಗೆ ಅವಳು ಕಾಜಾ ಚಿಕ್ಕಮ್ಮ. ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ. ನನಗೆ ಮಾತ್ರ ನಿಜವಾದ ಚಿಕ್ಕಮ್ಮ, ಅಮ್ಮನ ತಂಗಿ. ಬಾಯಿ ಜೋರು. ಹೊಟ್ಟೆ ಬಂದವರು ಅಂಗಿ ತೊಟ್ಟು ನೋಡುವಾಗ, "ಉಸಿರು ಬಿಡ್ಬೇಡಿ ಸ್ವಾಮಿ, ನನ್ನ ಗುಂಡಿಗೂ ಜೀವ ಇದೆ" ಎನ್ನುವಳು.

ಮದುವೆಯಾಗಿ ಬಹಳ ವರ್ಷಕ್ಕೆ ಅವಳಿಗೆ ಹುಟ್ಟಿದವಳು ಒಬ್ಬಳೇ ಮಗಳು. ಮನೆಯ ಹಿಂದೆ, ಕಾಡು ಶುರುವಾಗುವಲ್ಲಿ, ದೊಡ್ಡದೊಂದು ಬಕುಳದ ಮರವಿತ್ತು. ಮಗಳು ಬೆಳಗ್ಗೆ ಎದ್ದವಳೇ ಅದರ ಬುಡಕ್ಕೆ ಓಡುವಳು. ಉದುರಿದ ಪುಟ್ಟ ಹೂ ಲಂಗದ ತುಂಬ, ಹಣ್ಣಿನ ಕಾಲಕ್ಕೆ ಕೆಂಪು ಹಣ್ಣು ಬಾಯಿ ತುಂಬ. ಒಗರಿಗೆ ನಾಲಿಗೆ ತೊದಲಿದರೂ ಬಿಡುತ್ತಿರಲಿಲ್ಲ. ಒಂದು ರಜೆಯಲ್ಲಿ ಅಂಗಡಿಯ ಚೂರುಬಟ್ಟೆ ಸೇರಿಸಿ, ಒಣಗಿದ ಹೂ ತುಂಬಿ, ಅಮ್ಮನಿಗೊಂದು ಚಿಕ್ಕ ದಿಂಬು ಹೊಲಿದುಕೊಟ್ಟಳು.

"ಕಾಜಾ ಹಾಕೋಳ ಮಗಳ ಹೊಲಿಗೆ ನೋಡಿ, ಕೋಳಿ ಕೆದಕಿದ ಹಾಗಿದೆ!" ಎಂದು ಚಿಕ್ಕಮ್ಮ ಬೀದಿಗೆಲ್ಲ ತೋರಿಸಿಕೊಂಡು ಬಂದಳು.

ಅದೇ ವರ್ಷದ ಮಳೆಗಾಲದಲ್ಲಿ ಮಗಳಿಗೆ ಮಿದುಳು ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದ ಹುಡುಗಿ ಮನೆಗೆ ಬರಲಿಲ್ಲ.

ಬಕುಳ ಒಣಗಿದರೂ ಪರಿಮಳ ಬಿಡದ ಹೂ. ಚಿಕ್ಕಮ್ಮ ದಿಂಬಿಗೆ ಮುಖ ಒತ್ತಿಕೊಂಡೇ ಮಲಗುವಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಚಿಕ್ಕಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನವೇ ಕೆಲಸಕ್ಕೆ ಹೋದರು. "ಕಲ್ಲಾದ್ರೂ ಬೆವರುತ್ತೆ" ಎಂದಳು ಚಿಕ್ಕಮ್ಮ. ಆಮೇಲೆ ಇಬ್ಬರ ನಡುವೆ ಬೇಕಾದಷ್ಟೇ ಮಾತು.

ಕೆಲವು ವರ್ಷಗಳ ಮೇಲೆ ಚಿಕ್ಕಮ್ಮನೇ ಜ್ವರದಿಂದ ಆಸ್ಪತ್ರೆ ಸೇರಿದಳು. ವಾಸಿಯಾಗಿ ಮನೆಗೆ ಬಂದವಳು ಮೊದಲು ದಿಂಬು ಮೂಸಿದಳು, ಚೀರಿದಳು.

"ಒಗೆದುಬಿಟ್ರಾ? ನನ್ನ ಮಗಳನ್ನ ನೀರಿಗೆ ಹಾಕಿಬಿಟ್ರಾ?"

"ಇಲ್ಲ ಕಣೇ, ನೀರು ಮುಟ್ಟಿಸಿಲ್ಲ" ಎಂದರು ಚಿಕ್ಕಪ್ಪ.

ಅವಳು ನಂಬಲಿಲ್ಲ. ಮುಂದೆ ಒಂದು ದಿನ ಪಕ್ಕದಲ್ಲೇ ಹಾಲು ಸೀದು ಪಾತ್ರೆ ಕರಕಲಾದರೂ ಅವಳಿಗೆ ತಿಳಿಯಲಿಲ್ಲ. ಹೋದದ್ದು ದಿಂಬಿನ ಪರಿಮಳವಲ್ಲ, ತನ್ನ ಮೂಗು ಎಂದು ಆಗ ಗೊತ್ತಾಯಿತು. ಮತ್ತೆ ಬರುವ ಭರವಸೆ ಇಲ್ಲವೆಂದರು ಡಾಕ್ಟರು.

ನನ್ನನ್ನು ಕರೆಸಿದಳು. "ಪರಿಮಳ ಇನ್ನೂ ಇದೆ ಅಂತಾರೆ ನಿನ್ನ ಚಿಕ್ಕಪ್ಪ. ನನ್ನ ಸಮಾಧಾನಕ್ಕೋ ಏನೋ. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ನೀನು ಹೇಳು."

ಮೂಸಿದೆ. "ಇದೆ ಚಿಕ್ಕಮ್ಮ. ತೆಳ್ಳಗೆ."

"ಮತ್ತೆ ಮುಖ ಯಾಕೆ ಹಾಗ್ಮಾಡ್ದೆ?"

"ಗ್ರೀಸ್ ವಾಸನೆಯೂ ಇದೆ. ಒಳಗೆಲ್ಲ ಇಳಿದಿದೆ."

ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದರು. "ನೀನು ಆಸ್ಪತ್ರೇಲಿದ್ದಾಗ ಮನೇಲಿ ನಾನೊಬ್ನೇ. ಅವತ್ತಿಂದ ಅಭ್ಯಾಸ ಆಗೋಯ್ತು. ನೀನು ಅಂಗಡಿಗೆ ಹೋದ್ಮೇಲೆ ತಗೊಂಡು ಮುಖಕ್ಕೆ ಒತ್ಕೋತಿದ್ದೆ. ಕೇಳೋಕೆ ಧೈರ್ಯ ಬರ್ಲಿಲ್ಲ, ಅದು ನಿಂದು ಅಂತ" ಎಂದವರು ಹೊಸ್ತಿಲ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತರು.

ಚಿಕ್ಕಮ್ಮ ಹೋಗಿ ಅವರ ನೆತ್ತಿಗೆ ಮೂಗು ಒತ್ತಿದಳು.

"ನಿಮ್ಮ ವಾಸನೆಯೂ ತಿಳೀತಿಲ್ರೀ" ಎಂದಳು.

ಅಂದಿನಿಂದ ದಿಂಬು ಇಬ್ಬರ ನಡುವೆ ಇರುತ್ತಿತ್ತು. ಹೋದ ವರ್ಷ ಚಿಕ್ಕಪ್ಪ ತೀರಿಕೊಂಡಾಗ ಚಿಕ್ಕಮ್ಮ ಅದನ್ನು ಅವರ ತಲೆಯಡಿಗೆ ಇಟ್ಟಳು. ಅಮ್ಮ ತಡೆಯಲು ಹೋದಳು.

"ಇರ್ಲಿ ಅಕ್ಕ, ಅವ್ರ ಜೊತೆ ಹೋಗ್ಲಿ. ತಡವಾಗಿ ಅತ್ತೋರು ಅವ್ರು. ಅಳೋದು ಇನ್ನೂ ಬಾಕಿ ಇರ್ಬಹುದು" ಎಂದಳು.