ಕಿವಿ ಮೇಸ್ತ್ರಿ ಬಿಚ್ಚಿದ ಲಾರಿ

ನಮ್ಮ ಯಜಮಾನರಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಕರೆಂಟ್ ಬಿಲ್ಲಿನವನು ಬಿಟ್ಟರೆ ಅದನ್ನು ಇನ್ನಾರೂ ಬಳಸಿದ್ದು ನಾನು ಕೇಳಿಲ್ಲ. ಎಲ್ಲರಿಗೂ ಇವರು ಕಿವಿ ಮೇಸ್ತ್ರಿ. ಬೇರೆ ಮೆಕ್ಯಾನಿಕ್‌ಗಳು ಗಾಡಿ ಬಂದ ಕೂಡಲೇ ಪಾನಾ ಹುಡುಕುತ್ತಾರೆ. ಇವರು ಹುಡುಕುತ್ತಿದ್ದದ್ದು ಒಂದು ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಮೇಲೆ ಒಂದೇ ಮಾತು: "ಹಿಂದಿನ ಬೇರಿಂಗು." ಬಿಚ್ಚಿ ನೋಡಿದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು.

ಮದುವೆಗೆ ಮುಂಚೆ ನನ್ನನ್ನು ನೋಡಲು ನಮ್ಮ ಮನೆಗೆ ಬಂದಾಗಲೂ ಅಷ್ಟೇ. ನಾನು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಎದುರಿಗೆ ಕೂತಿದ್ದರೆ ಈ ಮಹಾನುಭಾವರು ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. "ಹುಡುಗಿ ಹೇಗಪ್ಪಾ?" ಎಂದು ನಮ್ಮಪ್ಪ ಕೇಳಿದರೆ, "ಹುಡುಗಿ ಚೆನ್ನಾಗಿದ್ದಾಳೆ. ಫ್ಯಾನಿನ ಬುಷ್ ಹೋಗಿದೆ, ಜಾಸ್ತಿ ದಿನ ಓಡಲ್ಲ," ಎಂದರು. ಅದೇ ವಾರ ಫ್ಯಾನು ನಿಂತಿತು. ಇಂಥ ಅಳಿಯ ಇನ್ನೆಲ್ಲಿ ಸಿಗುತ್ತಾನೆ ಎಂದು ನಮ್ಮಪ್ಪ ಕುಣಿದಾಡಿಬಿಟ್ಟರು. ನನ್ನನ್ನು ಯಾರು ಕೇಳಿದರು?

ನಮ್ಮ ಮನೆಯೆಂದರೆ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಅಡುಗೆಮನೆಯ ಕಿಟಕಿ ತೆಗೆದರೆ ಕಾಣುವುದು ಯಾವುದೋ ಲಾರಿಯ ಹೊಟ್ಟೆ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ನಾನೂ ಶೆಡ್ಡಿಗೆ ಇಳಿದೆ. ಇವರು ಬಿಚ್ಚಿಕೊಟ್ಟ ಸಾಮಾನನ್ನೆಲ್ಲ ಅರ್ಧ ಕೊಯ್ದ ಡ್ರಮ್ಮಿನಲ್ಲಿ ಡೀಸೆಲ್ ಸುರಿದು ತೊಳೆಯುವುದು, ಒರೆಸುವುದು, ಯಾವ ನಟ್ಟು ಯಾವ ಬೋಲ್ಟಿನ ಜೋಡಿ ಎಂದು ಡಬ್ಬಿಗೆ ಹಾಕಿಡುವುದು ನನ್ನ ಕೆಲಸ. ಕೈಯ ವಾಸನೆ ಹೋಗಲೆಂದು ಸೋಪು ಉಜ್ಜಿ ಉಜ್ಜಿ ಸಾಕಾಗಿ, ಡೀಸೆಲ್ಲೇ ನನ್ನ ವಾಸನೆ ಎಂದು ಒಪ್ಪಿಕೊಂಡಿದ್ದೇನೆ. ಹಾಗಾಗಿ ಲಾರಿಯ ಒಳಗಿನ ವಿಷಯ ನನಗೆ ಗೊತ್ತಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ.

ಆ ಲಾರಿ ತಂದವನು ಪೈಪಣ್ಣ. ಬೋರ್‌ವೆಲ್ ಕೊರೆಸುವ ಕೆಲಸ ಅವನದು. ಕೊರೆಯುವ ಯಂತ್ರ ಗುಡ್ಡದ ತಲೆಯ ಮೇಲೆ ನಿಂತಿತ್ತು. ಅಲ್ಲಿಗೆ ಪೈಪು, ನೀರು, ಡೀಸೆಲ್ ಹೊತ್ತು ಹತ್ತಲು ಅವನಿಗೆ ಇದ್ದದ್ದು ಅದೊಂದೇ ಲಾರಿ. ಹಿಂದಿನ ಚಕ್ರಗಳ ಜೊತೆ ಮುಂದಿನ ಚಕ್ರಗಳನ್ನೂ ಇಂಜಿನ್ನೇ ತಿರುಗಿಸುವ ಹಳೇ ಕಾಲದ ಗಾಡಿ. ಮಳೆ ಹಿಡಿದರೆ ಗುಡ್ಡದ ದಾರಿ ಬರೀ ಕೆಸರು. ಅಷ್ಟರೊಳಗೆ ಬಾವಿ ಮುಗಿಯದಿದ್ದರೆ ಗುತ್ತಿಗೆ ಬೇರೆಯವನ ಪಾಲು. ಬಂದದ್ದಾದರೂ ಏನಕ್ಕೆ? ಮುಂದಿನ ಆಯಿಲ್ ಸೀಲ್ ಸೋರುತ್ತಿದೆ ಎಂದು. ಹೊಸ ರಬ್ಬರ್ ಬಳೆ ಹಾಕಿ, ಒರೆಸಿ, ಸಂಜೆಗೆ ಕಳಿಸುವ ಕೆಲಸ.

ಇವರು ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಸೀಲ್ ಇರ್ಲಿ ಬಿಡು," ಎಂದರು. "ಒಳಗೆ ಏನೋ ಕೂಗ್ತಾ ಇದೆ. ಸಣ್ಣಗೆ, ಒಂದೇ ಸಮನೆ. ಹಿಂಗೇ ಗುಡ್ಡ ಹತ್ತಿಸಿದ್ರೆ ಅರ್ಧ ದಾರೀಲಿ ಕೈ ಕೊಡುತ್ತೆ."

ಪೈಪಣ್ಣನ ಮುಖ ಬಿಳಿಚಿಕೊಂಡಿತು. ಅವನ ಕೈಗೂ ಸ್ಕ್ರೂಡ್ರೈವರ್ ಕೊಟ್ಟರು. ಅವನು ಕಿವಿಗೆ ಆನಿಸಿಕೊಂಡ, ಇವರ ಮುಖ ನೋಡಿದ. "ಹೌದು ಮೇಸ್ತ್ರಿ, ಸಣ್ಣಗೆ ಕೂಗ್ತಾ ಇದೆ," ಎಂದ. ಪಕ್ಕದ ಶೆಡ್ಡಿನ ಲೇತಣ್ಣನನ್ನು ಕರೆದರು. ಲೇತ್ ಮಷೀನಿನ ಮುಂದೆ ಜೀವ ಸವೆಸಿದ ಮನುಷ್ಯ, ಇವರ ಹಳೇ ಸ್ನೇಹಿತ. ಅವನೂ ಆನಿಸಿಕೊಂಡು ತಲೆದೂಗಿದ: "ಹೌದ್ಹೌದು."

ಕೊನೆಗೆ ನಾನೂ ಆನಿಸಿಕೊಂಡು ಕೇಳಿದೆ. ಗೇರು ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. "ನನಗೇನೂ ಕೇಳಿಸ್ತಿಲ್ಲಪ್ಪ," ಎಂದೆ.

"ನಿನ್ನ ಕಿವಿ ಇರೋದು ಓಲೆ ಹಾಕ್ಕೊಳ್ಳೋಕೆ ಕಣೆ," ಎಂದರು ಇವರು. ಮೂವರೂ ಹೋ ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು? ಸೀರೆಯ ಮೇಲೆ ತೊಟ್ಟಿದ್ದ ಇವರ ಹಳೇ ಅಂಗಿಗೆ ಕೈ ಒರೆಸಿಕೊಂಡು ಡ್ರಮ್ಮಿನ ಹತ್ತಿರ ಹೋಗಿ ಕೂತೆ.

ಬಿಚ್ಚುವ ಕೆಲಸ ಶುರುವಾಯಿತು. ಮೊದಲು ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟು. ಅದನ್ನು ಕಳಚಿ, ಹಿಂದಿನ ಚಕ್ರಗಳ ಮೇಲೆಯೇ ಲಾರಿಯನ್ನು ರಸ್ತೆಯಲ್ಲಿ ಓಡಿಸಿ ನೋಡಿದರು. ಸದ್ದು ಇದೆ ಎಂದರು. ಅದನ್ನು ಹಾಕಿ ಹಿಂದಿನ ಶಾಫ್ಟು ಕಳಚಿ, ಮುಂದಿನ ಚಕ್ರಗಳ ಮೇಲೆ ಓಡಿಸಿದರು. ಇದೆ. ಎರಡನ್ನೂ ಕಳಚಿ ನಿಂತಲ್ಲೇ ಗೇರು ಹಾಕಿದರು. ಆಗಲೂ ಇದೆ. ಹಾಗಾದರೆ ಉಳಿದದ್ದು ಟ್ರಾನ್ಸ್‌ಫರ್ ಕೇಸು, ಅಂದರೆ ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಕೆಳಗಿನಿಂದ ಜಾಕ್ ಕೊಟ್ಟು, ಮೇಲಿನ ತೊಲೆಯಿಂದ ಚೈನ್ ಕಪ್ಪಿ ಇಳಿಬಿಟ್ಟು ಇವರೂ ಲೇತಣ್ಣನೂ ಇಳಿಸಿದರು. ಲಾರಿಯ ನಡುವೆ ದೊಡ್ಡ ತೂತು ಬಿದ್ದಂತಾಯಿತು.

ಪೆಟ್ಟಿಗೆಯ ಎಣ್ಣೆಯನ್ನು ತಟ್ಟೆಗೆ ಬಸಿದವಳು ನಾನೇ. ಬೇರಿಂಗ್ ಹೋಗಿದ್ದರೆ ಎಣ್ಣೆಯಲ್ಲಿ ಲೋಹದ ಪುಡಿ ಮಿನುಗಬೇಕು. ಬಿಸಿಲಿಗೆ ಹಿಡಿದೆ, ಬೆರಳಲ್ಲಿ ತಿಕ್ಕಿದೆ, ಮ್ಯಾಗ್ನೆಟ್ ಅದ್ದಿದೆ. ಏನೂ ಇಲ್ಲ.

"ರೀ, ಎಣ್ಣೆ ಶುದ್ಧವಾಗಿದೆ. ಒಳಗೆ ಏನೂ ಸವೆದಿಲ್ಲ."

"ಈಗಷ್ಟೇ ಶುರುವಾಗಿದೆ ಅಂತ ಅರ್ಥ. ಅದಕ್ಕೇ ಬೇರೆ ಯಾರಿಗೂ ಸಿಗಲ್ಲ, ನನಗೆ ಸಿಕ್ತು," ಎಂದರು. ಹೆಮ್ಮೆಯಿಂದ ಹಾಗೆಂದವರು ಎಣ್ಣೆಯ ತಟ್ಟೆಯತ್ತ ತಿರುಗಿಯೂ ನೋಡಲಿಲ್ಲ.

ಪೆಟ್ಟಿಗೆ ತೆರೆದು ಒಳಗಿನ ಬೇರಿಂಗನ್ನು ಎಳೆದು ತೆಗೆಯುವಾಗ ಅದು ಟಕ್ಕೆಂದು ಒಡೆಯಿತು. ವಯಸ್ಸಾದ ಸಾಮಾನು, ಕೂತಲ್ಲಿ ಕೂತಿದ್ದರೆ ಇನ್ನೆಷ್ಟೋ ಕಾಲ ತಿರುಗುತ್ತಿತ್ತು, ಎಳೆದರೆ ತಡೆಯುತ್ತದೆಯೇ? ಅಂಥದ್ದನ್ನು ಈಗ ಎಲ್ಲೂ ಮಾಡುವುದಿಲ್ಲ. ಪೈಪಣ್ಣ ಬೈಕ್ ಹತ್ತಿ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಅಷ್ಟಾದರೂ ಇವರ ಮೇಲೆ ಒಂದು ಮಾತು ಆಡಲಿಲ್ಲ. "ದಾರೀಲಿ ಕೈ ಕೊಡೋದಕ್ಕಿಂತ ಇದೇ ವಾಸಿ ಅಲ್ವಾ ಅಕ್ಕಾ?" ಎಂದು ನನ್ನನ್ನೇ ಕೇಳಿದ.

ಆ ದಿನಗಳಲ್ಲೇ ಒಮ್ಮೆ ಊಟಕ್ಕೆ ಕೂತಾಗ ಇವರು ತಲೆ ಎತ್ತಿ, "ಲೇತಣ್ಣ ಮೋಟರ್ ಆಫ್ ಮಾಡೋದು ಮರೆತಿದ್ದಾನೆ ನೋಡೇ," ಎಂದರು. ಹೋಗಿ ನೋಡಿದರೆ ಅವನ ಶೆಡ್ಡಿಗೆ ಬೀಗ. ಮಗಳು ಕೂಡ ಫೋನಿನಲ್ಲಿ, "ಅಪ್ಪ ಏನು ಹೇಳಿದ್ರೂ ಬರೀ ಹಾಂ ಹಾಂ ಅಂತಾರಲ್ಲಮ್ಮ," ಎಂದು ದೂರಿದಳು. ಕೆಲಸದ ಚಿಂತೆ ಎಂದುಕೊಂಡೆ.

ಆಮೇಲೆ ಗೇರ್‌ಬಾಕ್ಸನ್ನೂ ಇಳಿಸಿದರು. ಇಂಜಿನ್ನೊಂದೇ ಉಳಿಯಿತು. ಬಿಚ್ಚಿದ್ದನ್ನೆಲ್ಲ ನಾನು ತೊಳೆದು ಗೋಣಿಚೀಲಗಳ ಮೇಲೆ ಹರವಿದ್ದೆ. ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಲೇತೂ ಇಲ್ಲ, ಗಾಳಿ ತುಂಬುವ ಮಷೀನೂ ಇಲ್ಲ, ಬೀದಿಯೇ ಸುಮ್ಮನಿತ್ತು. ಇವರು ಲಾರಿಯ ಕೆಳಗೆ ಮಲಗಿ ಇಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿದ್ದರು. ನಾನು ಡ್ರೈವರ್ ಸೀಟಿನಲ್ಲಿ ಕೂತು ಇವರು ಹೇಳಿದ ಹಾಗೆ ಸ್ಟಾರ್ಟ್ ಮಾಡುತ್ತಿದ್ದೆ, ನಿಲ್ಲಿಸುತ್ತಿದ್ದೆ.

"ಆಫ್ ಮಾಡು," ಎಂದು ಕೂಗಿದರು. ಮಾಡಿದೆ. ಇಂಜಿನ್ ಒಮ್ಮೆ ನಡುಗಿ ನಿಂತಿತು.

"ಆಫ್ ಮಾಡು ಅಂದೆನಲ್ಲ!"

"ಮಾಡಿದೀನಿ ರೀ!"

"ಎಲ್ಲಿ ಮಾಡಿದೀಯ? ಓಡ್ತಾನೇ ಇದೆಯಲ್ಲ! ಒಂದು ಕೀಲಿ ತಿರುಗಿಸೋಕೂ ಬರಲ್ವಾ ನಿನಗೆ?"

ಕೀಲಿ ನನ್ನ ಅಂಗೈಯಲ್ಲಿತ್ತು. ಇಳಿದು, ಬಗ್ಗಿ, ಇವರ ಕಣ್ಣ ಮುಂದೆ ಅದನ್ನು ಹಿಡಿದೆ. ಇವರು ಕೀಲಿಯನ್ನು ನೋಡಿದರು. ಒಂದು ಕೈಯನ್ನು ಇಂಜಿನ್ನಿನ ಮೇಲೆ ಇಟ್ಟು ನೋಡಿದರು. ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು.

"ಆ ಸದ್ದು ಲಾರೀಲಿ ಇಲ್ಲ ರೀ," ಎಂದೆ. ಬದುಕಿನಲ್ಲಿ ಎಷ್ಟೋ ಸಲ ಇವರ ಮೇಲೆ ಗಂಟಲು ಹರಿಯುವಂತೆ ಕೂಗಾಡಿದ್ದೇನೆ. ಈ ಮಾತು ಮಾತ್ರ ಪಿಸುಗುಟ್ಟಿದಷ್ಟೇ ಬಂತು.

ಕೆಳಗಿನಿಂದ ಹೊರಗೆ ಬಂದವರೇ ನೆಟ್ಟಗೆ ಲೇತಣ್ಣನ ಶೆಡ್ಡಿಗೆ ಹೋದರು. ನಾನೂ ಹಿಂದೆಯೇ ಓಡಿದೆ.

"ನಿನಗೂ ಕೇಳಿಸಿತ್ತಲ್ಲ? ಅವತ್ತು ಹೌದು ಅಂದ್ಯಲ್ಲ?"

ಲೇತಣ್ಣ ಊಟದ ಡಬ್ಬಿ ಮುಚ್ಚಿಟ್ಟ. ನನ್ನ ಮುಖ ನೋಡಿದ, ನೆಲ ನೋಡಿದ.

"ಮೇಸ್ತ್ರಿ, ನಿನಗೆ ಕೇಳಿಸುತ್ತೆ ಅಂದ್ಮೇಲೆ ಇಲ್ಲ ಅನ್ನೋಕೆ ನಾನು ಯಾರು? ನನಗೆ ಕೇಳಿಸದೇ ಇರೋದು ನಿನಗೆ ಕೇಳಿಸಿದ್ದು ಇದೇನು ಮೊದಲನೇ ಸಲವಾ?"

ನಾನು ಲೇತಣ್ಣನಿಗೆ ಬಾಯಿಗೆ ಬಂದದ್ದು ಬೈದೆ. ಬೈದು ಏನು ಬಂತು? ಆ ಮನುಷ್ಯ ಅಳುತ್ತಿದ್ದ.

ಮತ್ತೆ ಜೋಡಿಸಲು ನೋಡದೇ ಇರಲಿಲ್ಲ. ಒಡೆದ ಬೇರಿಂಗಿನ ಜಾಗಕ್ಕೆ ಲೇತಣ್ಣ ಹಿತ್ತಾಳೆಯ ಬುಷ್ ಕಡೆದು ಕೊಟ್ಟ. ಅದು ಬಿಸಿಯಾಗಿ ಹೊಗೆ ಹಾಕಿತು. ಇನ್ನೊಂದು ಕಡೆದ. ಆದರೆ ಅಂಥ ಪೆಟ್ಟಿಗೆಯನ್ನು ಕೂರಿಸುವಾಗ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಗೇರಿನ ಸದ್ದು ಕೇಳುತ್ತಲೇ ನೋಡಿಕೊಳ್ಳಬೇಕು. ಇವರು ಕಿವಿ ಆನಿಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಮುಖ ಕಿವುಚಿಕೊಳ್ಳುತ್ತಾರೆ. "ಯಾವುದು ಇದರದ್ದು, ಯಾವುದು ನನ್ನದು ಅಂತ ಗೊತ್ತಾಗ್ತಿಲ್ಲ ಕಣೆ," ಎಂದು ಪಾನಾ ಕೆಳಗಿಟ್ಟರು. ಅಷ್ಟರಲ್ಲಿ ಮಳೆ ಹಿಡಿಯಿತು.

ಪೈಪಣ್ಣನಿಗೆ ವಿಷಯ ಹೇಳಿದವಳು ನಾನು. ಅವನು ಗೋಣಿಚೀಲದ ಮೇಲಿನ ಗೇರುಗಳ ಮಧ್ಯೆ ನಿಂತು ಕೇಳಿಸಿಕೊಂಡ.

"ಹಾಗಾದ್ರೆ ನನ್ನ ಲಾರಿಗೆ ಏನೂ ಆಗಿರಲಿಲ್ವಾ?"

"ಇಲ್ಲ."

"ಬರೀ ಸೀಲ್?"

"ಬರೀ ಸೀಲ್."

"ಮತ್ತೆ ನಾನ್ಯಾಕೆ ಹೌದು ಅಂದೆ ಅಕ್ಕಾ?" ಎಂದ. ಬೈಯಲಿ, ಹೊಡೆಯಲಿ, ಶೆಡ್ಡಿಗೆ ಬೆಂಕಿ ಇಡಲಿ ಎಂದು ನಾನು ಕಾದೆ. ಅವನು ಹಾಗೇನೂ ಮಾಡಲಿಲ್ಲ. ಗುತ್ತಿಗೆ ಕೈತಪ್ಪಿತ್ತು. ಇನ್ನೊಂದು ಗಾಡಿ ತಂದು, ಬಿಚ್ಚಿದ್ದನ್ನೆಲ್ಲ ಚೀಲಗಳಲ್ಲಿ ತುಂಬಿ, ತಾನೇ ಓಡಿಸಿಕೊಂಡು ಬಂದಿದ್ದ ಲಾರಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಇಲ್ಲದ ಹುಣ್ಣನ್ನು ಕೆರೆದು ಮಾಡಿದೆವು, ಅದೂ ಇನ್ನೊಬ್ಬರ ಮೈಮೇಲೆ.

ಇವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಕಿವಿ ಡಾಕ್ಟರಮ್ಮ ಸಣ್ಣದೊಂದು ಕೋಣೆಯಲ್ಲಿ ಕೂರಿಸಿ, ಏನೇನೋ ಸದ್ದು ಕೇಳಿಸಿ ಪರೀಕ್ಷೆ ಮಾಡಿದರು. ಇಂಜಿನ್ನುಗಳ ಪಕ್ಕದಲ್ಲೇ ಆಯುಷ್ಯ ಕಳೆದವರಿಗೆ ಕಿವಿಯೊಳಗೆ ಹೀಗೆ ತಾನಾಗಿ ಸದ್ದು ಏಳುವುದುಂಟು, ನರ ಸವೆದಿದೆ ಎಂದರು.

"ಬದಲಾಯಿಸೋಕೆ ಬರಲ್ವಾ?" ಎಂದು ಕೇಳಿದರು ಇವರು.

"ಇಲ್ಲ. ಅಭ್ಯಾಸ ಮಾಡ್ಕೋಬೇಕು. ತೀರಾ ನಿಶ್ಶಬ್ದ ಇರೋ ಕಡೆ ಕೂರಬೇಡಿ. ಪಕ್ಕದಲ್ಲಿ ಏನಾದ್ರೂ ಸದ್ದು ಇರಲಿ, ಆಗ ಅದು ಸ್ವಲ್ಪ ಮರೆಯಾಗುತ್ತೆ."

ರೇಡಿಯೋ ತಂದುಕೊಟ್ಟೆ, ಅದರ ಗೊರಗೊರ ಸಹಿಸಲಾಗದು ಎಂದು ಎತ್ತಿಟ್ಟರು. ಕೊನೆಗೆ ಉಳಿದ ಸದ್ದು ನಾನೇ. ಈಗ ಶೆಡ್ಡಿಗೆ ಪಂಕ್ಚರ್ ಟೈರು ಬಿಟ್ಟು ಬೇರೇನೂ ಬರುವುದಿಲ್ಲ. ಇವರು ಸ್ಟೂಲಿನ ಮೇಲೆ ಕೂತು ಹಳೇ ನಟ್ಟುಗಳನ್ನು ಸೈಜು ನೋಡಿ ಬೇರೆ ಮಾಡುತ್ತಾರೆ. ನಾನು ಮೆಟ್ಟಿಲ ಮೇಲೆ ಕೂತು ಮಾತಾಡುತ್ತೇನೆ. ತರಕಾರಿಯ ರೇಟು, ಮಗಳ ಅತ್ತೆಯ ಬಿನ್ನಾಣ, ಎದುರುಮನೆಯ ಜಗಳ, ಬಾಯಿಗೆ ಏನು ಬಂದರೆ ಅದು. ನನ್ನಂಥ ವಾಚಾಳಿಗೂ ಗಂಟಲು ಒಣಗುತ್ತದೆ.

ಮೊನ್ನೆ ಅಂಗಡಿಯ ಹತ್ತಿರ ಪೈಪಣ್ಣ ಸಿಕ್ಕಿದ್ದ. ಬೇರೆಯವರ ಲಾರಿಗೆ ಡ್ರೈವರ್ ಆಗಿದ್ದಾನೆ. ಮುಖ ತಿರುಗಿಸಿಕೊಂಡು ಹೋಗಿದ್ದರೆ ಚೆನ್ನಾಗಿತ್ತು, ಹತ್ತಿರ ಬಂದು, "ಮೇಸ್ತ್ರಿ ಹೇಗಿದ್ದಾರೆ ಅಕ್ಕಾ?" ಎಂದು ಕೇಳಿದ. ಅವನು ಹೇಳಿದ ಸುದ್ದಿಯನ್ನು ಇವರ ಕಿವಿಗೆ ಹಾಕಬಾರದು ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡು ಮನೆಗೆ ಬಂದೆ.

ಇವತ್ತು ಮಾತಾಡುತ್ತಾ ಮಾತಾಡುತ್ತಾ ಮಾತು ಮುಗಿಯಿತು. ಸುಮ್ಮನಾದೆ. ಇವರು ಥಟ್ಟನೆ ತಲೆ ಎತ್ತಿದರು.

"ಯಾಕೆ ನಿಲ್ಲಿಸಿದೆ?"

"ಇಷ್ಟು ಹೊತ್ತು ನಾನು ಹೇಳಿದ್ದೇನು, ಹೇಳಿ ನೋಡೋಣ?"

ಅಪರಾಧಿಯ ಹಾಗೆ ನನ್ನನ್ನೇ ನೋಡಿದರು. "ಗೊತ್ತಿಲ್ಲ ಕಣೆ. ಏನಾದ್ರೂ ಮಾತಾಡು. ನೀನು ನಿಂತ್ರೆ ಅದು ಶುರುವಾಗುತ್ತೆ."

ಕೇಳಿಸಿಕೊಳ್ಳದವರಿಗೆ ಮುಚ್ಚಿಟ್ಟು ಏನು ಪ್ರಯೋಜನ?

"ಪೈಪಣ್ಣನ ಲಾರಿ ಗುಜರಿಗೆ ಹೋಯ್ತು ರೀ," ಎಂದೆ. "ನೀವು ಬಿಚ್ಚಿದ್ದು, ನಾನು ತೊಳೆದು ಒರೆಸಿಟ್ಟಿದ್ದು, ಎಲ್ಲಾನೂ ಕಬ್ಬಿಣದ ಜೊತೆ ತೂಕಕ್ಕೆ ಹಾಕಿಬಿಟ್ರಂತೆ."

ಇವರು ಇನ್ನೊಂದು ನಟ್ಟು ಆರಿಸಿ ಡಬ್ಬಿಗೆ ಹಾಕಿದರು.

"ಹೂಂ," ಎಂದರು. "ಈಗ ಸ್ವಲ್ಪ ಕಮ್ಮಿ ಆಯ್ತು. ನಿಲ್ಲಿಸಬೇಡ."