ರೇಷ್ಮೆ ಹುಳ ಬಿಟ್ಟು ಹಡಗು ಹತ್ತಿದ ಅಕ್ಕ

ಮದುವೆಯಾಗಿ ಅಕ್ಕೂರಿಗೆ ಹೋದ ಮೇಲೆ ನನ್ನಕ್ಕ ಹೊರಗೆ ಉಳಿದದ್ದು ಹೆರಿಗೆಗೆ ಬಂದಾಗ ಮಾತ್ರ. ನೆಂಟರ ಮದುವೆಗೆ ಬಂದರೂ ಎಂಜಲೆಲೆ ಎತ್ತುವಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದಳು. ಕಾರಣ ಒಂದೇ, ಮನೆಯಲ್ಲಿ ರೇಷ್ಮೆ ಹುಳ ಇದೆ. ಒಂದು ಬೆಳೆ ಮುಗಿದು ಹುಳದ ಮನೆ ತೊಳೆದು ಒಣಗಿಸುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿ ಬಂದಿರುತ್ತಿತ್ತು. ಭಾವನ ಕೆಲಸ ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದು, ಅಷ್ಟೆ. ಅವರ ಕೈಗೆ ಹುಳ ಕೊಟ್ಟರೆ ಕತೆ ಮುಗಿದಂತೆ ಎಂದು ಅಕ್ಕ ನಂಬಿದ್ದಳು, ಭಾವನೂ ನಂಬಿದ್ದರು.

ಅಂಥವಳನ್ನು ನಾನು ಹಡಗು ಹತ್ತಿಸಿದೆ. ರಾಮನಗರದ ಶಾಲೆಯಿಂದ ನಿವೃತ್ತಳಾದ ಖುಷಿಗೆ, ಚೆನ್ನೈನಿಂದ ಶ್ರೀಲಂಕೆಗೆ ಹೋಗಿಬರುವ ಪ್ರವಾಸಿ ಹಡಗಿನಲ್ಲಿ ಇಬ್ಬರಿಗೆ ಜಾಗ ಹಿಡಿದಿದ್ದೆ. ನಮ್ಮ ಯಜಮಾನರು ಹೊಳೆ ಸಂಗಮದಲ್ಲಿ ತೆಪ್ಪ ಹತ್ತಲೂ ಹೆದರುವ ಗಂಡಸು, ಅವರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಅಷ್ಟು ಹೊತ್ತಿಗೆ ಬೆಳೆ ಮುಗಿದಿರುತ್ತದೆ ಎಂಬ ಧೈರ್ಯದ ಮೇಲೆ ಅಕ್ಕ ಹೂಂ ಅಂದಳು. ಆದರೆ ಈ ಸಲ ಮರಿ ತಡವಾಗಿ ಬಂತು. ನಾವು ಹೊರಟಾಗ ಹುಳ ಕೊನೆಯ ಸಲ ಪೊರೆ ಬಿಟ್ಟು ಎದ್ದು, ಹಗಲೂ ಇರುಳೂ ಸೊಪ್ಪು ಮುಕ್ಕುತ್ತಿತ್ತು. ನಾವು ಮರಳುವಷ್ಟರಲ್ಲಿ ಗೂಡು ಕಟ್ಟಿರಬೇಕು, ಇಲ್ಲವೇ ಭಾವನ ಕೈಯಲ್ಲಿ ಸತ್ತಿರಬೇಕು. ಹಡಗು ಕಡಲಿಗಿಳಿದ ದಿನವೇ ಸಿಗ್ನಲ್ ಇಲ್ಲದೆ ಅಕ್ಕನ ಫೋನು ಮೂಕವಾಯಿತು. ಡೆಕ್ಕಿನ ಮೇಲೆ ಜನ ಡಾನ್ಸ್ ಮಾಡುತ್ತಿದ್ದರೆ ಇವಳು ಬಿಸಿಲು ನೋಡಿ, ಈಗ ಸೊಪ್ಪು ಹಾಕುವ ಹೊತ್ತು ಎನ್ನುತ್ತಿದ್ದಳು.

ಹಡಗು ತ್ರಿಂಕೋಮಲಿ ಬಂದರಿನಲ್ಲಿ ನಿಂತ ದಿನ ಅನುರಾಧಪುರದ ಹಳೇ ಪಾಳುನಗರ ತೋರಿಸಲು ಬಸ್ಸು ಕಾದಿತ್ತು. ಗೈಡ್ ನಡುವಯಸ್ಸಿನ ಹಸನ್ಮುಖಿ. ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಅಕ್ಕನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ, ಇಬ್ಬರಿಗೂ ಹೇಗೋ ತಿಳಿಯುತ್ತಿತ್ತು. ಪಾಳುನಗರ ಹತ್ತಿರವಾದಾಗ ಅವನು ಒಂದು ಡಬ್ಬಿ ಹಿಡಿದು, ಕೂತವರ ಮೇಲೆಲ್ಲ ಬುಸ್ಸನೆ ಏನನ್ನೋ ಸಿಂಪಡಿಸುತ್ತ ಬಂದ. ಅಕ್ಕನ ಸೆರಗು ನೆನೆದ ಮೇಲೆ ನಾನು ಡಬ್ಬಿಯ ಮೇಲಿನ ಸೊಳ್ಳೆಯ ಚಿತ್ರ ನೋಡಿದೆ.

ಹುಳ ಸಾಕುವವರ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಿದರೆ ಗಂಡ ಹೆಂಡತಿ ಮಾತು ಬಿಡುತ್ತಾರೆ. ಸೊಳ್ಳೆಗೆ ಹೊಡೆದದ್ದು ಹುಳಕ್ಕೂ ಹೊಡೆದಂತೆ. ಅಕ್ಕ ಎದ್ದು ನಿಂತು ಸೆರಗು ಮೂಸಿದಳು.

"ಈ ಸೀರೆ ನಮ್ಮೂರ್‌ಗೆ ಬರಂಗಿಲ್ಲ ಕಣಮ್ಮಿ."

ಹಡಗಿನಲ್ಲಿ ಒಗೆಸೋಣ ಅಂದೆ. ಒಗೆದರೂ ವಿಷ ಹೋಗುತ್ತದೆಂದು ನಂಬುವುದಿಲ್ಲ ಎಂದಳು. ಬೇರೆ ಚೀಲದಲ್ಲಿ ಕಟ್ಟಿಡೋಣ ಅಂದೆ. ಚೀಲ ಚೀಲಕ್ಕೆ ತಾಗುತ್ತದೆ ಎಂದಳು. ಪಿಎಚ್‌ಡಿ ಮಾಡಿದವರೂ ಅವಳೆದುರು ವಾದ ಗೆಲ್ಲಲಾರರು, ನಾನು ಯಾವ ಲೆಕ್ಕ. ಬಸ್ಸಿನವರೆಲ್ಲ ಸ್ತೂಪದ ಕಡೆ ನಡೆದರೆ ನಾವಿಬ್ಬರೂ ಅಂಗಡಿ ಸಾಲಿಗೆ ಓಡಿದೆವು. ಅಲ್ಲಿ ಸಿಕ್ಕಿದ್ದು ಆನೆಗಳ ಸಾಲಿದ್ದ ಉದ್ದ ಲಂಗ, ಮತ್ತು ಸ್ತೂಪದ ಚಿತ್ರವಿದ್ದ ದೊಗಲೆ ಟೀ ಶರ್ಟು. ಅಕ್ಕ ಸೋಪು ಕೊಂಡು ಶೌಚಾಲಯಕ್ಕೆ ಹೋದವಳು, ಕತ್ತು ಕೈ ತಿಕ್ಕಿ ತಿಕ್ಕಿ ತೊಳೆದು, ಅವೆರಡನ್ನೂ ಹಾಕಿಕೊಂಡು ಹೊರಬಂದಳು.

ನಾನು ನಕ್ಕು ನಕ್ಕು ಅಲ್ಲೇ ಕುಕ್ಕರಿಸಿದೆ. ಅವಳೂ ತನ್ನ ಕಾಲು ತಾನೇ ನೋಡಿಕೊಂಡು ನಗಲು ಶುರು ಮಾಡಿದಳು. ನಿಲ್ಲಿಸಲು ಹೋದಷ್ಟೂ ನಗು ಹೆಚ್ಚಾಯಿತು. ಆ ಸೀರೆಯನ್ನು ಗೈಡ್ ಕೈಗಿತ್ತು, ನಿಮ್ಮಮ್ಮ ಹುಳ ಸಾಕದಿದ್ದರೆ ಉಡಲಿ ಅಂದಳು. ಅವನು ಅದನ್ನು ಕಣ್ಣಿಗೊತ್ತಿಕೊಂಡ.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಲಂಗ ಎತ್ತಿ ಹಿಡಿದು ಮುರಿದ ಕಂಬಗಳ ನಡುವೆ ಹಾರುತ್ತಾ ಹೋದಳು. ಮೆಟ್ಟಿಲ ಬುಡದಲ್ಲಿ ಸುತ್ತು ಸುತ್ತಾಗಿ ಕೆತ್ತಿದ ಅರ್ಧ ವೃತ್ತದ ಕಲ್ಲು ನೋಡಿ, ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಚಂದ್ರಿಕೆಯನ್ನು ಅರ್ಧಕ್ಕೆ ಕುಯ್ದಂತಿದೆ ಎಂದು ಎಲ್ಲರನ್ನೂ ಕರೆದು ತೋರಿಸಿದಳು. ಉದ್ದನೆ ಕಲ್ಲು ದೋಣಿಯೊಂದರ ಮುಂದೆ ನಿಂತು, ಇಷ್ಟು ದೊಡ್ಡ ಕಲಗಚ್ಚಿನ ಬಾನಿ ಇದ್ದವರಿಗೆ ಅದೆಷ್ಟು ದನವಿತ್ತೋ ಅಂದಳು. ಅದು ಸಾವಿರಾರು ಭಿಕ್ಷುಗಳಿಗೆ ಅನ್ನ ಇಡುತ್ತಿದ್ದ ದೋಣಿ ಎಂದು ಗೈಡ್ ವಿವರಿಸಿದ. ಅಕ್ಕ ನಾಲಿಗೆ ಕಚ್ಚಿಕೊಂಡು, ಕಲ್ಲು ಮುಟ್ಟಿ ನಮಸ್ಕಾರ ಮಾಡಿ, ಮತ್ತೆ ನಗಲು ಹೊರಟಳು. ಅಷ್ಟು ಹೊತ್ತೂ ಅವಳು ಬಿಸಿಲು ನೋಡಲಿಲ್ಲ, ಸೊಪ್ಪಿನ ಮಾತೆತ್ತಲಿಲ್ಲ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಕಣ್ಣಲ್ಲಿ ನೀರೇ ಬಂತು. ಬಸ್ಸಿಗೆ ನಾವೇ ಕೊನೆಯವರಾಗಿ ಹತ್ತಿ ಎಲ್ಲರಿಂದ ಬೈಸಿಕೊಂಡೆವು.

ಚೆನ್ನೈ ಹತ್ತಿರವಾದಂತೆ ಅವಳ ನಗು ಇಳಿಯಿತು. ಫೋನಿಗೆ ಜೀವ ಬಂದರೂ ಭಾವನಿಗೆ ಮಾಡಲಿಲ್ಲ. ಕೆಟ್ಟ ಸುದ್ದಿಯನ್ನು ಮನೆ ಬಾಗಿಲಲ್ಲೇ ಕೇಳುತ್ತೇನೆ ಎಂದಳು. ಅಕ್ಕೂರಿನಲ್ಲಿ ಕಾರಿಳಿದವಳೇ ಅಕ್ಕ ಚೀಲವನ್ನು ಜಗಲಿಯ ಮೇಲೆ ಹಾಕಿ ಓಡಿದಳು. ಹುಳದ ಮನೆ ಬಾಗಿಲಲ್ಲಿ ಭಾವ ಅಡ್ಡ ನಿಂತರು. ಬ್ಲೀಚಿಂಗ್ ಪುಡಿ ನೀರಿನ ತಟ್ಟೆ ತೋರಿಸಿ ಕಾಲು ಅದ್ದಲು ಹೇಳಿದರು. ಬೇರೆಯವರಿಗೆ ಅಕ್ಕ ಹೇಳುತ್ತಿದ್ದ ಮಾತು ಈಗ ಅಕ್ಕನಿಗೇ.

"ಸೊಳ್ಳೆ ಔಸ್ದಿ ಗಿವ್ಸ್ದಿ ಏನೂ ಹಚ್ಕಂಡಿಲ್ವಾ?" ಎಂದು ಕೇಳಿದರು.

ಅಕ್ಕ ಒಳಗೆ ಹೋದಳು. ಚಂದ್ರಿಕೆಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೊಂದರ ತುಂಬಾ ಬಿಳಿ ಗೂಡು. ಅವಳು ಒಂದು ಗೂಡು ಬಿಡಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಅಮುಕಿ ನೋಡಿದಳು. ಗಟ್ಟಿಯಾಗಿತ್ತು. ಖುಷಿಯಿಂದ ಅಳುತ್ತಾಳೆ ಎಂದುಕೊಂಡೆ. ಅವಳು ಗಂಡನ ಕಡೆ ತಿರುಗಿದಳು.

"ಅಂಗಾರೆ ಇಷ್ಟ್ ವರ್ಸ ನಾನ್ಯಾಕೆ ಇಲ್ಲೇ ಕುಂತಿದ್ದೆ?"

ಭಾವ ತಲೆ ತಗ್ಗಿಸಿ ಚಂದ್ರಿಕೆ ಸರಿಮಾಡತೊಡಗಿದರು. ಅಕ್ಕ ಗೂಡನ್ನು ಇದ್ದಲ್ಲಿಗೇ ಇಟ್ಟು ಹೊರಗೆ ಬಂದು, ಜಗಲಿಯ ಮೇಲೆ ಚೀಲ ಸುರಿದು, ಆನೆ ಲಂಗ ಹುಡುಕಿ ಕೊಡವಿದಳು. ಹಳೇ ಬಟ್ಟೆಗಳ ಜೊತೆ ಇಡುತ್ತಾಳೇನೋ ಎಂದುಕೊಂಡೆ. ಅವಳು ಅದನ್ನು ಮಡಿಸಿ, ಬೀರುವಿನಲ್ಲಿ ನೆಂಟರ ಮದುವೆಗೆ ಹೋಗುವಾಗ ಉಡುವ ಸೀರೆಗಳ ಮೇಲಿಟ್ಟಳು.