ನೋಣಯ್ಯನ ಇಪ್ಪತ್ತೆಂಟರ ಲೆನ್ಸು

ಬೆಳ್ತಂಗಡಿ ಪೇಟೆಯಲ್ಲಿ ನೋಣಯ್ಯನ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ಅವನ ಸಿಟ್ಟು, ಕ್ಯಾಮೆರಾ ಆಮೇಲೆ. ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಇವನಿಗೆ ಕೈಯಲ್ಲೂ ಇತ್ತು, ಕಾಲಲ್ಲೂ ಇತ್ತು. ಮೂಡುಬಿದಿರೆಯ ಮುಂಡಪ್ಪ ಶೆಟ್ಟರ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದಾಗ, ಫೋಟೋದಲ್ಲಿ ತಾನು ಕಪ್ಪಾಗಿ ಬಂದಿದ್ದೇನೆಂದು ಜಗಳಕ್ಕೆ ಬಂದ ಮದುಮಗನನ್ನು ಮೆಟ್ಟಿಲಿನಿಂದ ಕೆಳಕ್ಕೆ ನೂಕಿದ ಮಹಾನುಭಾವ ಇವನೇ. ಮದುಮಗನ ಕಾಲು ಮುರಿಯಿತು. ಶೆಟ್ಟರು ಅದೇ ದಿನ ಇವನನ್ನು ಮನೆಗೆ ಕಳಿಸಿದರು.

"ನಿನಗೆ ಕೈ ಒಳ್ಳೆಯದುಂಟು, ತಲೆ ಇಲ್ಲ. ನೀನು ಮಿಲಿಟ್ರಿಗೆ ಹೋಗು ಮಾರಾಯ, ಅಲ್ಲಿ ಹೊಡೆದರೆ ಸಂಬಳ ಕೊಡ್ತಾರೆ" ಎಂದರು. ಅವರು ಹೇಳಿದ್ದು ಕುಚೋದ್ಯಕ್ಕೆ. ಇವನು ಹೋಗಿಯೇ ಬಿಟ್ಟ.

ಅದು ೧೯೫೮ರ ಮಾತು. ಮಂಗಳೂರಿನಲ್ಲಿ ಸೈನ್ಯಕ್ಕೆ ಜನ ತೆಗೆದುಕೊಳ್ಳುವ ದಿನ ಸಾಲಿನಲ್ಲಿ ಇವನ ಹಿಂದೆ ನಿಂತಿದ್ದವನು ಫರಂಗಿಪೇಟೆಯ ಅಬ್ದುಲ್ ರವೂಫ್. ಇಬ್ಬರೂ ಒಟ್ಟಿಗೆ ಸೇರಿದರು, ಕೆಲವು ವರ್ಷ ಕಳೆದು ಒಟ್ಟಿಗೇ ಉತ್ತರದ ಒಂದು ಪ್ಯಾರಾಚೂಟ್ ಶಿಬಿರಕ್ಕೆ ಹೋದರು. ಸುತ್ತಲೂ ಹಿಂದಿ, ಪಂಜಾಬಿ. ಇವರಿಬ್ಬರು ಮಾತ್ರ ತುಳುವಿನಲ್ಲಿ ಬೈದಾಡಿಕೊಂಡು ಸುಖವಾಗಿದ್ದರು. ನೋಣಯ್ಯನಿಗೆ ಡಾರ್ಕ್ ರೂಮಿನ ಕೆಲಸ ಗೊತ್ತಿದ್ದರಿಂದ ಶಿಬಿರದ ಫೋಟೋ ಕೆಲಸವೆಲ್ಲ ಅವನ ತಲೆಗೆ ಬಿತ್ತು.

೧೯೬೬ರಲ್ಲಿ ಅಲ್ಲಿನ ಸಾಹೇಬರಿಗೆ ಒಂದು ಹೊಸ ಹುಚ್ಚು ಹತ್ತಿತು. ವಿಮಾನದಿಂದ ಹಾರಿದವನು ಪ್ಯಾರಾಚೂಟ್ ಬಿಚ್ಚುವ ಮೊದಲು ಕಲ್ಲಿನಂತೆ ಬೀಳುತ್ತಾನಲ್ಲ, ಆಗ ಅವನ ಕೈಕಾಲು ಹೇಗಿರುತ್ತದೆ ಎಂಬ ಫೋಟೋ ಬೇಕು. ತೆಗೆಯುವವನೂ ಜೊತೆಗೇ ಹಾರಿ, ಬೀಳುತ್ತಲೇ ತೆಗೆಯಬೇಕು. ನೋಣಯ್ಯ ಮಾಮೂಲು ಲೆನ್ಸು ಹಾಕಿ ಹನ್ನೆರಡು ಸಲ ಹಾರಿದ. ಒಂದು ಫೋಟೋದಲ್ಲಿ ಅರ್ಧ ಹೆಲ್ಮೆಟ್, ಇನ್ನೊಂದರಲ್ಲಿ ಒಂಟಿ ಬೂಟು, ಉಳಿದದ್ದರಲ್ಲೆಲ್ಲ ಬರೀ ಆಕಾಶ. ಸಾಹೇಬರು ಶಿಬಿರದ ಕ್ಯಾಮೆರಾದ ಜೊತೆ ತಮ್ಮ ಸ್ವಂತದ, ಹೆಚ್ಚು ಅಗಲ ಕಾಣುವ ಎರಡು ಲೆನ್ಸುಗಳನ್ನು ಕೊಟ್ಟರು, ಒಂದು ಮೂವತ್ತೈದು ಮಿಲಿಮೀಟರಿನದು, ಒಂದು ಅದಕ್ಕಿಂತಲೂ ಅಗಲ ಕಾಣುವ ಇಪ್ಪತ್ತೆಂಟರದು. ರಜೆಯಲ್ಲಿ ಪರೀಕ್ಷಿಸಿ ಒಂದನ್ನು ಆರಿಸಿಕೊಂಡು ಬಾ, ಫೋಟೋ ಬಂದರೆ ಆಕಾಶದ ಕ್ಯಾಮೆರಾ ನಿನ್ನದು, ಬಾರದಿದ್ದರೆ ಡಾರ್ಕ್ ರೂಮೇ ಗತಿ ಎಂದರು. ನೋಣಯ್ಯನಿಗೆ ಅದು ಎಷ್ಟು ಬೇಕಾಗಿತ್ತೆಂದರೆ, ರೈಲಿನಲ್ಲಿ ಮೂರು ದಿನವೂ ಲೆನ್ಸಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ.

ಆದರೆ ಬೆಳ್ತಂಗಡಿಯಲ್ಲಿ ಆಕಾಶದಿಂದ ಬೀಳುವವರು ಯಾರಿದ್ದಾರೆ? ನೆಲ ಬಿಟ್ಟು ಹಾರುವಂಥದ್ದು, ಎತ್ತ ತಿರುಗುತ್ತದೆಂದು ಹೇಳಲಾಗದ್ದು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವಂಥದ್ದು ಬೇಕು. ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟಿಸಿಕೊಂಡ ಹುಂಜಗಳಲ್ಲದೆ ಇನ್ನೇನಿದೆ! ಮೊದಲ ಭಾನುವಾರವೇ ಅಣ್ಣ ಕುಶಾಲಪ್ಪನನ್ನು ಕರೆದುಕೊಂಡು ವಾಮದಪದವಿನ ಕಡೆ ಕೋಳಿ ಅಂಕಕ್ಕೆ ಹೋದ.

ಅಲ್ಲಿ ಸುಣ್ಣದ ಗೆರೆ ಎಳೆದು ಜನರನ್ನು ಆಚೆ ನಿಲ್ಲಿಸುತ್ತಿದ್ದರು. ಬೆರಳುದ್ದದ ಬಾಳು, ಕ್ಷೌರದ ಕತ್ತಿಯ ಹರಿತ. ಎರಡು ಹುಂಜ ಎದುರೆದುರು ನೆಗೆದವೆಂದರೆ ಒಂದರ ಹೊಟ್ಟೆ ಬಿಚ್ಚಿಕೊಳ್ಳುತ್ತಿತ್ತು, ಕರುಳು ಮಣ್ಣಿನಲ್ಲಿ ಎಳೆಯುತ್ತಿದ್ದರೂ ಅದು ಮತ್ತೆ ಎದ್ದು ಹೊಡೆಯುತ್ತಿತ್ತು. ಜನ ಕಿರುಚುತ್ತಿದ್ದರು. ನೋಣಯ್ಯ ಮೂವತ್ತೈದರ ಲೆನ್ಸಿನಲ್ಲಿ ಒಂದು ರೋಲು ಮುಗಿಸಿ ಮರುದಿನ ಮೂಡುಬಿದಿರೆಗೆ ಓಡಿದ. ಮುಂಡಪ್ಪ ಶೆಟ್ಟರು ಹಳೆಯದನ್ನೆಲ್ಲ ಮರೆತು ಡಾರ್ಕ್ ರೂಮಿನ ಬಾಗಿಲು ತೆರೆದುಕೊಟ್ಟರು.

"ಚಂದ ಬಂದಿದೆಯಲ್ಲ, ಮುಖ ಸ್ಪಷ್ಟ ಉಂಟು" ಎಂದರು ಶೆಟ್ಟರು, ನೆಗೆಟಿವನ್ನು ಬೆಳಕಿಗೆ ಹಿಡಿದು.

"ಕಾಲು ಎಲ್ಲಿ ಶೆಟ್ರೇ? ಬಾಳು ಎಲ್ಲಿ? ನನಗೆ ಮುಖ ಕಟ್ಟಿಕೊಂಡು ಎಂತ ಆಗ್ಬೇಕು? ಇದು ಆಗುದಿಲ್ಲ. ಇಪ್ಪತ್ತೆಂಟರದ್ದೇ ಹಾಕ್ತೇನೆ."

ಎರಡನೆಯ ಭಾನುವಾರ ಇಪ್ಪತ್ತೆಂಟರದ್ದನ್ನು ಹಾಕಿದ. ದೂರದ ಅಳತೆಯನ್ನು ಎಂಟಡಿಗೆ ಇಟ್ಟು ಬಿಟ್ಟರೆ ಆ ಬಿಸಿಲಿನಲ್ಲಿ ನಾಲ್ಕಡಿಯಿಂದಾಚೆ ಎಲ್ಲವೂ ಸ್ಪಷ್ಟ, ಮತ್ತೆ ತಿರುಗಿಸುವ ರಗಳೆ ಇಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ಹುಂಜಗಳು, ಅವುಗಳ ಯಜಮಾನರು, ಹಿಂದಿನ ಜನ, ಮರದ ತುದಿ ಎಲ್ಲವೂ ಒಳಗೆ. ಆದರೆ ಹುಂಜಗಳು ಸಣ್ಣ, ಸಣ್ಣ. ನೋಣಯ್ಯ ಒಂದು ಹೆಜ್ಜೆ ಮುಂದಿಟ್ಟ. ಕ್ಲಿಕ್. ಇನ್ನೂ ಸಣ್ಣ. ಮತ್ತೊಂದು ಹೆಜ್ಜೆ. ಯಾರೋ "ಹಿಂದೆ ಬಾ ಮಾರಾಯ" ಎಂದು ಕೂಗಿದರು. ಕಿಂಡಿಗೆ ಕಣ್ಣು ಅಂಟಿಸಿದವನಿಗೆ ಕಿವಿ ಕೇಳುತ್ತದೆಯೇ?

ಆಗ ಅಂಕಕ್ಕೆ ಬಂದದ್ದು ಲೋಕಯ್ಯನ ಕೆಂಪು ಹುಂಜ. ಲೋಕಯ್ಯ ಬಂಟ್ವಾಳದಲ್ಲಿ ದಸ್ತಾವೇಜು ಬರೆಯುವವನು, ನೋಣಯ್ಯನಿಗಿಂತ ಹತ್ತು ವರ್ಷ ದೊಡ್ಡವನು. ವಾರವಿಡೀ ಮುತ್ತಿನಂಥ ಅಕ್ಷರದಲ್ಲಿ ಬೇರೆಯವರ ಜಾಗದ ಕಾಗದ ಬರೆದು, ಭಾನುವಾರ ಹುಂಜ ಹಿಡಿದುಕೊಂಡು ಬರುವುದು ಅವನ ಒಂದೇ ಚಟ. ಹುಂಜ ಬಿಟ್ಟ. ಅದು ಎದುರಿನ ಬಿಳಿ ಹುಂಜದ ಕತ್ತು ಸೀಳಿತು, ಬಿಳಿಯದು ಪಕ್ಕಕ್ಕೆ ಬಿತ್ತು, ಕೆಂಪಿನದು ಅದೇ ಆವೇಶದಲ್ಲಿ ಮೇಲಕ್ಕೆ ನೆಗೆಯಿತು. ನೋಣಯ್ಯ ಒತ್ತಿದ. ಮರುಕ್ಷಣ ಬಲಗೈಯ ಮಣಿಕಟ್ಟಿನಲ್ಲಿ ತಣ್ಣಗೆ ಏನೋ ಹಾದುಹೋಯಿತು.

ನೋವು ಬರುವ ಮೊದಲೇ ರಕ್ತ ಚಿಮ್ಮಿ ಕ್ಯಾಮೆರಾ ಒದ್ದೆಯಾಯಿತು. ಹೆಬ್ಬೆರಳು ಮಡಚಲು ನೋಡಿದ, ಮಡಚಲಿಲ್ಲ. ಆಗಲೇ ಅವನಿಗೆ ಗೊತ್ತಾಗಿ ಹೋಯಿತು. ಪ್ಯಾರಾಚೂಟಿನ ಹಿಡಿ ಎಳೆಯುವುದು ಬಲಗೈಯಲ್ಲಿ. ಗೆರೆಯಾಚೆ ಕುಕ್ಕರಗಾಲಿನಲ್ಲಿ ಕೂತು "ಅಯ್ಯೋ" ಎನ್ನುತ್ತಿದ್ದ ಲೋಕಯ್ಯ ಕಣ್ಣಿಗೆ ಬಿದ್ದ.

"ಬೇಕೆಂದೇ ನನ್ನ ಮೇಲೆ ಬಿಟ್ಟದ್ದಾ, ಬೇವರ್ಸಿ!" ಎಂದವನೇ ಓಡಿಹೋಗಿ ಸೈನ್ಯದ ಬೂಟುಗಾಲಿನಲ್ಲಿ ಲೋಕಯ್ಯನ ಬಾಯಿಗೆ ಒದ್ದ. ಲೋಕಯ್ಯ ಹಿಂದಕ್ಕೆ ಬಿದ್ದ. ಎದ್ದು ಕೂರುವಷ್ಟರಲ್ಲಿ ಮತ್ತೊಂದು ಒದೆ. ಕುಶಾಲಪ್ಪನೂ ಸೇರಿಕೊಂಡು ನಾಲ್ಕು ಬಿಟ್ಟ. ಜನ ಬಿಡಿಸಿದಾಗ ಲೋಕಯ್ಯ ಕೆಂಪು ಎಂಜಲಿನೊಂದಿಗೆ ಮೂರು ಹಲ್ಲು ಉಗುಳಿದ. ಅವನ ಹುಂಜವನ್ನೂ ಯಾರೋ ಕೋಲಿನಿಂದ ಬಡಿದು ಕೊಂದರು.

ಬಂಟ್ವಾಳದ ಡಾಕ್ಟರು ಹದಿನೇಳು ಹೊಲಿಗೆ ಹಾಕಿದರು. ಚರ್ಮ ಕೂಡಿಕೊಳ್ಳುತ್ತದೆ, ತುಂಡಾದ ನರ ಕೂಡುವುದಿಲ್ಲ ಎಂದರು. ಡಾಕ್ಟರ ಚೀಟಿಯನ್ನು ಶಿಬಿರಕ್ಕೆ ಕಳಿಸಿದ ಮೇಲೆ ರವೂಫನ ಕಾಗದ ಬಂತು. ಸಾಹೇಬರು ಕ್ಯಾಮೆರಾ ಕೆಲಸ ತನಗೆ ಕೊಟ್ಟಿದ್ದಾರೆ, ಮುಂದಿನ ತಿಂಗಳ ಹತ್ತನೇ ತಾರೀಕಿಗೆ ಹಾರಬೇಕು, ನೀನು ಆರಿಸಿದ ಲೆನ್ಸು ಕ್ಯಾಮೆರಾ ಎರಡನ್ನೂ ಕಳಿಸು, ನಿನ್ನ ಕೈ ಬೇಗ ಗುಣವಾಗಲಿ ಎಂದು ಬರೆದಿದ್ದ. ನೋಣಯ್ಯ ಕಾಗದವನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಹರಿದ. ಊಟದ ಬಟ್ಟಲನ್ನು ಗೋಡೆಗೆ ಎಸೆದ. ಅನ್ನ ಬಡಿಸುತ್ತಿದ್ದ ತಾಯಿ ಪೂವಮ್ಮ ನೆಲ ಒರೆಸಿದರು. ಗೆಳೆಯನ ಮೇಲೆ ಹೊಟ್ಟೆಕಿಚ್ಚು, ಸಾಯುವಷ್ಟು ಹೊಟ್ಟೆಕಿಚ್ಚು. ಕ್ಯಾಮೆರಾದಿಂದ ರೋಲು ತೆಗೆದಿಟ್ಟುಕೊಂಡು, ಕ್ಯಾಮೆರಾವನ್ನು ಇಪ್ಪತ್ತೆಂಟರ ಲೆನ್ಸಿನ ಜೊತೆ ಪಾರ್ಸೆಲ್ ಮಾಡಿಸಿದ. ಒಳಗೆ ಒಂದು ಸಾಲೂ ಬರೆಸಲಿಲ್ಲ.

ತನಗೆ ಎಂಥ ಫೋಟೋ ತಪ್ಪಿಹೋಯಿತೆಂದು ನೋಡಿಯಾದರೂ ಉರಿದುಕೊಳ್ಳುವ ಎಂಬ ಹಟದಲ್ಲಿ ಅವನು ರೋಲು ಹಿಡಿದು ಮೂಡುಬಿದಿರೆಗೆ ಹೋದ. ಶೆಟ್ಟರು ಪ್ರಿಂಟ್ ಹಾಕಿದರು. ಕೊನೆಯ ಚಿತ್ರ ತಟ್ಟೆಯ ಮದ್ದುನೀರಿನಲ್ಲಿ ಮೆಲ್ಲನೆ ಮೂಡಿತು. ಹುಂಜ ಚಿತ್ರದ ಮುಕ್ಕಾಲು ತುಂಬಿದ ಮಸುಕು. ನಾಲ್ಕಡಿಗಿಂತ ಈಚೆ ಇದ್ದರೆ ಮಾತ್ರ ಹಾಗೆ ಮಸುಕಾಗುವುದು. ಹಿಂದೆ ದೂರದಲ್ಲಿ, ಸೂಜಿಮೊನೆಯಷ್ಟು ಸ್ಪಷ್ಟವಾಗಿ, ಸುಣ್ಣದ ಗೆರೆಯ ಆಚೆ ಎರಡೂ ಖಾಲಿ ಕೈ ಮೇಲೆತ್ತಿ "ಬೇಡ, ಬೇಡ" ಎಂದು ಬಾಯಿ ತೆರೆದಿರುವ ಲೋಕಯ್ಯ. ಚಿತ್ರದ ಕೆಳ ಅಂಚಿನಲ್ಲಿ ಈ ಬದಿಯ ಗೆರೆ ದಾಟಿ ಎರಡು ಹೆಜ್ಜೆ ಒಳಗೆ ಬಂದಿದ್ದ ಒಂದು ಬೂಟಿನ ತುದಿ.

"ಇದು ಯಾರ ಬೂಟು?" ಎಂದರು ಶೆಟ್ಟರು.

ಬೂಟು ನೋಣಯ್ಯನದೇ. ಕಿಂಡಿಯಲ್ಲಿ ಏಳೆಂಟು ಅಡಿ ದೂರ ಕಂಡ ಹುಂಜ ನಿಜವಾಗಿ ಮೂರಡಿಯಲ್ಲಿತ್ತು. ಈ ಲೆನ್ಸು ಎಲ್ಲವನ್ನೂ ಹಿಂದಕ್ಕೆ ತಳ್ಳಿ ತೋರಿಸುತ್ತದೆ, ನೋಡುವವನು ತಿಳಿಯದೆ ಮುಂದೆ ಮುಂದೆ ಹೋಗುತ್ತಾನೆ. ನೆಲದ ಮೇಲೆ ಹೋದದ್ದು ಒಂದು ಕೈ. ಆಕಾಶದಲ್ಲಿ ಕಲ್ಲಿನಂತೆ ಬೀಳುವ ಇಬ್ಬರು ಡಿಕ್ಕಿ ಹೊಡೆದರೆ ಉಳಿಯುವುದೇನು? ಆ ಲೆನ್ಸು ಈಗ ರವೂಫನಿಗೆ ಹೋಗುತ್ತಿದೆ. ಹತ್ತನೇ ತಾರೀಕಿಗೆ ಹದಿನಾಲ್ಕು ದಿನ ಉಳಿದಿತ್ತು.

ಮನೆಗೆ ಬಂದು ಅಣ್ಣನಿಗೆ ಕಾಗದ ಬರೆದುಕೊಡಲು ಹೇಳಿದ. ಕುಶಾಲಪ್ಪ ಫೋಟೋ ನೋಡಿ ಮುಖ ಗಂಟಿಕ್ಕಿದ. "ಎಂತ ಬರೆಯುದು? ತಪ್ಪು ನಿನ್ನದು ಅಂತವಾ? ಹಾಗಾದ್ರೆ ಆ ಲೋಕಯ್ಯನಿಗೆ ನಾನು ಹೊಡೆದದ್ದು ಎಂತಕ್ಕೆ? ಊರಲ್ಲಿ ತಲೆ ಎತ್ತಿ ನಡಿಲಿಕ್ಕುಂಟಾ? ಸುಟ್ಟು ಹಾಕು ಅದನ್ನು."

ಸುಡಬಹುದಿತ್ತು. ಸುಮ್ಮನಿದ್ದರೂ ಸಾಕಿತ್ತು, ಯಾರೂ ಕೇಳುವವರಿರಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ನೋಣಯ್ಯನಿಗೂ ಹಾಗೆಯೇ ಅನ್ನಿಸಿತು, ಇದನ್ನು ಅವನೇ ಆಮೇಲೆ ನಾಚಿಕೆಯಿಂದ ಹೇಳಿಕೊಂಡಿದ್ದಾನೆ. ಬೆಳಿಗ್ಗೆ ಎದ್ದವನೇ ಮೊದಲ ಬಸ್ಸಿಗೆ ಬಂಟ್ವಾಳಕ್ಕೆ ಹೋದ.

ಲೋಕಯ್ಯ ಜಗಲಿಯಲ್ಲಿ ಬರೆಯುವ ಇಳಿಜಾರು ಮೇಜಿನ ಮುಂದೆ ಕೂತಿದ್ದ. ತುಟಿ ಇನ್ನೂ ಊದಿತ್ತು. ಇವನನ್ನು ಕಂಡು ಕಾಗದ ಬರೆಸಲು ಬಂದಿದ್ದ ಐದಾರು ಜನ ಬದಿಗೆ ಸರಿದರು. ನೋಣಯ್ಯ ಫೋಟೋವನ್ನು ಮೇಜಿನ ಮೇಲಿಟ್ಟ. ಲೋಕಯ್ಯ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ಇದು ನಿನ್ನ ಬೂಟು."

"ಹೌದು ಲೋಕಯ್ಯಣ್ಣ."

"ಗೆರೆಯ ಒಳಗೆ."

"ಹೌದು."

ಲೋಕಯ್ಯ ಎದ್ದ. ಗೆರೆ ಹಾಕುವ ಉರುಟು ರೂಲುದೊಣ್ಣೆಯನ್ನು ತೆಗೆದು ನೋಣಯ್ಯನ ಮುಖಕ್ಕೆ ಬೀಸಿದ. ಹುಬ್ಬು ಒಡೆಯಿತು. ಮತ್ತೆ ಬೀಸಿದ, ದವಡೆಗೆ. ಮೂರನೆಯದು ಕಿವಿಯ ಮೇಲೆ. ಹಲ್ಲಿಗೊಂದರಂತೆ ಮೂರು. ನೋಣಯ್ಯನ ಎಡಗೈ ಮುಷ್ಟಿ ಕಟ್ಟಿತು, ಮೇಲೆ ಬರಲಿಲ್ಲ. ಹುಟ್ಟಿದ ಮೇಲೆ ಅವನು ಪೆಟ್ಟು ತಿಂದು ತಿರುಗಿ ಕೊಡದೆ ನಿಂತದ್ದು ಅದೇ ಮೊದಲು.

"ಇನ್ನು ಎಂತ ಬೇಕು?" ಲೋಕಯ್ಯ ಏದುಸಿರು ಬಿಡುತ್ತಾ ಕೇಳಿದ.

"ಒಂದು ಕಾಗದ ಬರೆದು ಕೊಡಬೇಕು. ನನ್ನ ಬಲಗೈ ಬರುದಿಲ್ಲ, ಅಣ್ಣ ಬರೆಯುದಿಲ್ಲ ಅಂದ. ಇವತ್ತು ಅಂಚೆಗೆ ಹಾಕದಿದ್ರೆ ಹತ್ತನೇ ತಾರೀಕಿಗೆ ಫರಂಗಿಪೇಟೆಯ ರವೂಫ್ ಸಾಯ್ತಾನೆ."

ಲೋಕಯ್ಯ ರೂಲುದೊಣ್ಣೆಯನ್ನು ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ಕೂತ. "ನನ್ನ ಹತ್ತಿರ ಬರೆಸುದಾದ್ರೆ ಕ್ರಮ ಉಂಟು. ಬರೆದದ್ದನ್ನು ಸಾಕ್ಷಿಗಳ ಎದುರು ಗಟ್ಟಿಯಾಗಿ ಓದ್ತೇನೆ. ಒಪ್ಪಿದ್ರೆ ಎಡ ಹೆಬ್ಬೆಟ್ಟು ಒತ್ತಬೇಕು. ಆಗ್ತದಾ?"

"ಆಗ್ತದೆ."

ನೋಣಯ್ಯ ಹೇಳಿದ, ಲೋಕಯ್ಯ ಬರೆದ. ಬರೆದು ಮುಗಿಸಿ, ಹಲ್ಲಿಲ್ಲದ ಸಂದಿನಿಂದ ಗಾಳಿ ಹೋಗುತ್ತಿದ್ದರೂ ಜಾಗದ ಕ್ರಯಪತ್ರ ಓದುವ ಅದೇ ರಾಗದಲ್ಲಿ, ರಸ್ತೆಗೆ ಕೇಳುವಂತೆ ಓದಿದ: ಈ ಲೆನ್ಸಿನಲ್ಲಿ ಎಂಟಡಿ ಕಂಡದ್ದು ನಿಜವಾಗಿ ಮೂರಡಿ. ಮನುಷ್ಯ ಸಣ್ಣದಾಗಿ ಕಂಡರೆ ಹತ್ತಿರ ಹೋಗಬೇಡ. ಆಗಾಗ ಕಿಂಡಿಯಿಂದ ಕಣ್ಣು ತೆಗೆದು ಬರಿಗಣ್ಣಿನಲ್ಲಿ ನೋಡು. ಇದು ಗೊತ್ತಿಲ್ಲದೆ ನಾನೇ ಗೆರೆ ದಾಟಿ ಹೋದೆ. ಹುಂಜದ ತಪ್ಪಲ್ಲ, ಹುಂಜದವನ ತಪ್ಪಲ್ಲ. ತಪ್ಪಿಲ್ಲದವನಿಗೆ ನಾನು ಒದ್ದೆ.

ಐದಾರು ಜನ ಕೇಳಿದರು. ಅವರು ಕೇಳಿದ ಮೇಲೆ ತಾಲೂಕಿಗೆಲ್ಲ ಗೊತ್ತಾಗಲು ಒಂದು ವಾರ ಸಾಕಾಯಿತು. ನೋಣಯ್ಯ ಹುಬ್ಬಿನಿಂದ ಇಳಿಯುತ್ತಿದ್ದ ರಕ್ತವನ್ನು ತೋಳಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದ.

ಹತ್ತನೇ ತಾರೀಕು ಕಳೆಯಿತು. ಹದಿನೈದು ಕಳೆಯಿತು. ಅಂಚೆಯವನು ಬರುವ ಹೊತ್ತಿಗೆ ನೋಣಯ್ಯ ದಿನವೂ ರಸ್ತೆಯಲ್ಲಿ ನಿಲ್ಲುತ್ತಿದ್ದ, ಅನ್ನ ಸೇರುತ್ತಿರಲಿಲ್ಲ. ಹದಿನೆಂಟಕ್ಕೆ ದಪ್ಪ ಲಕೋಟೆ ಬಂತು. ಒಳಗೆ ಒಂದು ಫೋಟೋ, ಆಕಾಶದಲ್ಲಿ ಕೈಕಾಲು ಚಾಚಿದ ಇಡೀ ಮನುಷ್ಯ, ಬೆರಳಿನಿಂದ ಬೂಟಿನವರೆಗೆ. ಜೊತೆಗೆ ರವೂಫನ ಕಾಗದ: "ಕಿಂಡಿಯಲ್ಲಿ ಅವ ದೂರವೇ ಇದ್ದ. ನಿನ್ನ ಮಾತು ನೆನಪಾಗಿ ಕಣ್ಣು ತೆಗೆದು ನೋಡಿದೆ. ಅವನ ಬೂಟು ನನ್ನ ಮುಖದಿಂದ ಒಂದು ಮೊಳದಲ್ಲಿತ್ತು ಮಾರಾಯ. ಪಕ್ಕಕ್ಕೆ ಹೊರಳಿ ಬದುಕಿದೆ. ಬರೆದುಕೊಟ್ಟವರಿಗೆ ನನ್ನ ಸಲಾಂ ಹೇಳು."

ನೋಣಯ್ಯ ರಸ್ತೆ ಬದಿಯಲ್ಲೇ ಕೂತು ಅತ್ತ. ಗೆಳೆಯ ಬದುಕಿದ್ದಕ್ಕೂ ಅತ್ತ, ಆ ಫೋಟೋ ತನ್ನದಲ್ಲವಲ್ಲ ಎಂದೂ ಅತ್ತ. ಆಮೇಲೆ ಅವನು ಬೆಳ್ತಂಗಡಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟ, ಎಡಗೈಯಲ್ಲಿ ಮದುಮಕ್ಕಳ ಫೋಟೋ ತೆಗೆದ, ಕಪ್ಪಾಗಿ ಬಂದೆ ಎಂದು ಬೈದವರ ಬೈಗಳನ್ನೂ ಕೇಳಿಸಿಕೊಂಡ. ಆದರೆ ಅದಕ್ಕೆಲ್ಲ ಮೊದಲು, ಅದೇ ದಿನ ಮಧ್ಯಾಹ್ನ, ಅವನು ಮತ್ತೆ ಬಂಟ್ವಾಳದ ಆ ಜಗಲಿಯ ಎದುರು ನಿಂತ.

"ರವೂಫ್ ನಿಮಗೆ ಸಲಾಂ ಹೇಳಿದ್ದಾನೆ, ಲೋಕಯ್ಯಣ್ಣ."

ಬರೆಯುತ್ತಿದ್ದ ಕೈ ನಿಂತಿತು. "ಬದುಕಿದನಾ?"

"ಬದುಕಿದ."

ಲೋಕಯ್ಯ ನಾಲಗೆಯಿಂದ ಹಲ್ಲಿಲ್ಲದ ಜಾಗವನ್ನು ಮುಟ್ಟಿ ನೋಡಿಕೊಂಡ. "ಒಳ್ಳೆಯದಾಯ್ತು. ಅವನಿಗೆ ನನ್ನದೂ ಸಲಾಂ ತಿಳಿಸು. ನಿನಗೆ ಮಾತ್ರ ನನ್ನಲ್ಲಿ ಕ್ಷಮೆ ಇಲ್ಲ. ಇನ್ನು ಈ ಜಗಲಿಗೆ ಬರಬೇಡ."

"ಸರಿ" ಎಂದು ನೋಣಯ್ಯ ಮೆಟ್ಟಿಲಿಳಿದ.